ಹಾರ್ಡ್‌ಡಿಸ್ಕ್ ಅಕ್ಕ

ಕಂಪ್ಯೂಟರಿನಲ್ಲಿ ಫೈಲು ಕಾಪಿಯಾಗುವಾಗ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುತ್ತದಲ್ಲ, ಅದನ್ನು ಕಂಡರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಹಿರಿಯೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು ನಾನು. ಆ ಪಟ್ಟಿಯನ್ನು ನೋಡದೆ ನನ್ನ ದಿನ ಕಳೆಯುವುದಿಲ್ಲ. ನೋಡಿದಾಗಲೆಲ್ಲ ಹೊಸದುರ್ಗದ ಒಂದು ಫೋಟೋ ಸ್ಟುಡಿಯೋ, ಅಲ್ಲಿನ ಊದಿನಕಡ್ಡಿಯ ವಾಸನೆ, ಕುರ್ಚಿ ಉರುಳಿಸಿ ಎದ್ದು ಕೇಬಲಿಗೆ ಕೈಹಾಕಿದ ಒಬ್ಬ ದಪ್ಪ ಹೆಂಗಸು, ಇಷ್ಟೂ ಒಟ್ಟಿಗೆ ಕಣ್ಣೆದುರು ಬರುತ್ತವೆ. ಅವರು ಇನ್ನೊಂದು ಗಳಿಗೆ ತಡವಾಗಿ ಎದ್ದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ನನ್ನ ತಲೆಯೊಳಗೆ ತಾನಾಗಿ ಶುರುವಾಗುತ್ತದೆ. ಆ ಲೆಕ್ಕ ಒಂದು ದಿನವೂ ಮುಗಿದಿಲ್ಲ.

ಆ ಹೆಂಗಸು ಕಳೆದ ತಿಂಗಳು ಚಿತ್ರದುರ್ಗದ ತಮ್ಮ ಅಂಗಡಿಯ ಷಟರ್ ಎಳೆದರು. ಗಾಬರಿ ಬೇಡ, ಗಟ್ಟಿಮುಟ್ಟಾಗಿದ್ದಾರೆ. ಯಾಕಕ್ಕಾ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಈಗ ಎಲ್ಲಾರ್ದೂ ಫೋನ್‌ನಾಗೇ ಐತೆ ಕಣಪ್ಪಾ. ಫೋನ್‌ನಾಗಿರೋದೂ ಮ್ಯಾಲೆಲ್ಲೋ ಇರ್ತೈತಂತೆ. ಅಲ್ಲೀತಂಕ ಏಣಿ ಹತ್ತಾಕೆ ನನ್ನ ಮೊಣಕಾಲು ಕೇಳಲ್ಲ" ಎಂದು ಗಹಗಹಿಸಿ ನಕ್ಕರು. ನಿಮ್ಮ ಬಗ್ಗೆ ನಾಲ್ಕು ಪುಟ ಬರೆಯುತ್ತೇನೆ ಎಂದೆ. "ಬರಿ, ಹೆಸರು ಹಾಕ್ಬ್ಯಾಡ. ನಮ್ಮ ಯಜಮಾನ್ರು ಪೇಪರ್‌ನಾಗ ನನ್ನ ಹೆಸರು ನೋಡಿದ್ರೆ ಏನು ಕಳ್ಳತನ ಮಾಡಿದ್ಯೇ ಅಂತಾರೆ" ಎಂದರು.

ಹೆಸರು ಬೇಕಾಗಿಯೂ ಇಲ್ಲ. ದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಈ ನಾಲ್ಕು ಊರುಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದವರಿಗೆಲ್ಲ ಅವರು 'ಹಾರ್ಡ್‌ಡಿಸ್ಕ್ ಅಕ್ಕ.'

ಅಂಗಡಿ ಇದ್ದದ್ದು ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ. ಮೊದಲು ಅಲ್ಲಿ ಅವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರಂತೆ. ಟೈಪ್‌ರೈಟರ್ ಕಾಲ ಮುಗಿದಾಗ ಎಲ್ಲ ಯಂತ್ರಗಳನ್ನೂ ಗುಜರಿಗೆ ಹಾಕಿ, ಕಂಪ್ಯೂಟರ್ ಕೋರ್ಸಿಗೆ ಸೇರಿ, ತಮ್ಮ ಹತ್ತಿರವೇ ಟೈಪಿಂಗ್ ಕಲಿತಿದ್ದ ಹುಡುಗಿಯರ ಪಕ್ಕದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದು ಪಾಸಾದವರು. "ನನಗೇ ಫಸ್ಟ್ ಬಂತು" ಎಂಬುದನ್ನು ಅವರು ಯಾರಿಗೂ ಹೇಳದೆ ಬಿಟ್ಟಿಲ್ಲ. ವಿನಯ ಅವರ ಜಾಯಮಾನವಲ್ಲ. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೊರಳಿಗೆ ದಾರದಲ್ಲಿ ಜೋತುಬಿದ್ದ ಕನ್ನಡಕ. ಮೆಟ್ಟಿಲು ಹತ್ತಿ ಬರುವವರ ಉಸಿರಾಟದ ಸದ್ದಿನಿಂದಲೇ ಗಿರಾಕಿ ಯಾರೆಂದು ಹೇಳುತ್ತಿದ್ದರು. "ಬರ್ರಿ ಬರ್ರಿ, ಕುಂತ್ಕಳ್ರಿ. ಮೊದ್ಲು ನೀವು ಸುಧಾರಿಸ್ಕಳ್ರಿ, ಆಮೇಲೆ ಮಿಷನ್ನು."

ಅವರ ಮೇಜಿನ ಮೇಲೆ ಒಂದು ಕರಿ ಕಂಬಳಿ ಮಡಿಸಿ ಹಾಸಿರುತ್ತಿತ್ತು. ತವರಿನ ಕಡೆಯ ಕುರುಬರು ನೇಯ್ದುಕೊಟ್ಟ ಕಂಬಳಿ. ರಿಪೇರಿಗೆ ಬಂದ ಡಿಸ್ಕುಗಳು ಅದರ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ನಾನು ಎಂ.ಎಸ್ಸಿ. ಮುಗಿಸಿ ಹೊಸದಾಗಿ ಅವರ ಜೊತೆ ಕೆಲಸಕ್ಕೆ ಸೇರಿದಾಗ ಹೌಹಾರಿದ್ದೆ. ಉಣ್ಣೆಯಲ್ಲಿ ವಿದ್ಯುತ್ ಕಿಡಿ ಹುಟ್ಟುತ್ತದೆ, ಡಿಸ್ಕಿನ ಸರ್ಕ್ಯೂಟ್ ಸುಟ್ಟುಹೋಗುತ್ತದೆ ಎಂದು ವಿವರಿಸಿದೆ. ಅಕ್ಕ ಪೂರ್ತಿ ಕೇಳಿ, "ಹೌದೇನಪ್ಪಾ ಎಂಎಸ್ಸಿ? ಹಂಗಾದ್ರೆ ಕುರಿಗಳ್ಯಾಕೆ ಇನ್ನೂ ಸುಟ್ಟೋಗಿಲ್ಲ?" ಎಂದರು. ಮಾರನೆಯ ದಿನ ಬಂದು ನೋಡಿದರೆ ಕಂಬಳಿಯ ಮೇಲೆ ಒಂದು ಹತ್ತಿಯ ಟವೆಲು ಹಾಸಿತ್ತು. "ನೀನು ಹೇಳಿದ್ದಕ್ಕಲ್ಲ. ಕಂಬಳಿ ಕೊಳೆ ಆಗ್ತೈತೆ ಅಂತ." ಸೋತಾಗಲೂ ಗೆದ್ದವರ ದನಿಯಲ್ಲಿಯೇ ಮಾತಾಡುವ ಕಲೆ ಅವರಿಗೆ ಸಿದ್ಧಿಸಿತ್ತು. ನಾನು ಅಲ್ಲಿದ್ದಷ್ಟು ದಿನವೂ ನನ್ನನ್ನು 'ಎಂಎಸ್ಸಿ' ಎಂದೇ ಕರೆದರು.

ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬರಬೇಕು. ಬಿಚ್ಚಿಟ್ಟ ಮಿಷನ್ ಹತ್ತಿರ ತಿನ್ನಬಾರದು ಎಂದು ಗೋಡೆಗೆ ಬೋರ್ಡು ಬರೆದು ಹಾಕಿದವರೂ ಅವರೇ, ಅದರ ಕೆಳಗೆ ಕೂತು ತಿನ್ನುತ್ತಿದ್ದವರೂ ಅವರೇ. ಒಮ್ಮೆ ಹೊಳಲ್ಕೆರೆಯ ಜೆರಾಕ್ಸ್ ಅಂಗಡಿಯವರು ಕೀಬೋರ್ಡಿನ ಗುಂಡಿ ಒತ್ತಿದರೆ ಮೇಲೇಳುವುದಿಲ್ಲ ಎಂದು ತಂದರು. ಬಿಚ್ಚಿದರೆ ಒಳಗೆ ಮಂಡಕ್ಕಿ. "ನೋಡು, ಜನಕ್ಕೆ ಶಿಸ್ತೇ ಇಲ್ಲ" ಎಂದು ಅಕ್ಕ ಬೇಸರಪಟ್ಟುಕೊಂಡರು. ಆ ಕೀಬೋರ್ಡು ಅದರ ಹಿಂದಿನ ವಾರವಷ್ಟೇ ನಮ್ಮ ಅಂಗಡಿಯಲ್ಲಿ ರಿಪೇರಿಯಾಗಿ ಹೋಗಿತ್ತು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮೊದಲು ಅವರದೊಂದು ಪದ್ಧತಿ ಇತ್ತು. ಬೇರೆ ಯಾವ ಊರಿನಲ್ಲೂ, ಯಾವ ಅಂಗಡಿಯಲ್ಲೂ ನಾನು ಅದನ್ನು ಕಂಡಿಲ್ಲ. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಖಾಲಿ ಮಾಡಿ ಹೊಸದರಂತೆ ಅಣಿಗೊಳಿಸುವುದು. ಮಾಡಿದ ಮೇಲೆ ಹಳೆಯದು ಕಾಣುವುದಿಲ್ಲ. ಆದ್ದರಿಂದ ಡಿಸ್ಕಿನ ಯಜಮಾನ ಅದರ ಮೇಲೆ ಬಲಗೈ ಇಟ್ಟು "ಇದ್ರಾಗ ನನ್ದು ಏನೂ ಇಲ್ಲ" ಎಂದು ಮೂರು ಸಲ ಹೇಳಬೇಕು. ಹೇಳಿದ ಮೇಲೆಯೇ ಅಕ್ಕ ಗುಂಡಿ ಒತ್ತುತ್ತಿದ್ದದ್ದು. ಜನ ಮೊದಲ ಸಲ ನಗುತ್ತ ಹೇಳುತ್ತಿದ್ದರು. ಎರಡನೇ ಸಲ ನಗು ಕಡಿಮೆಯಾಗುತ್ತಿತ್ತು. ಮೂರನೇ ಸಲಕ್ಕೆ ಸಾಕಷ್ಟು ಮಂದಿಯ ನಾಲಿಗೆ ತೊದಲುತ್ತಿತ್ತು. ತೊದಲಿದರೆ ಅಕ್ಕ ಮೌಸಿನಿಂದ ಕೈ ತೆಗೆದು, "ಮನೀಗೆ ಹೋಗಿ ಕೇಳ್ಕಂಡು ಬರ್ರಿ" ಎನ್ನುತ್ತಿದ್ದರು.

ಹರಿಯಬ್ಬೆಯಿಂದ ಒಬ್ಬ ರೈತರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಅವರು ಠೀವಿಯಿಂದ ಕೈಯಿಟ್ಟು, "ಇದ್ರಾಗ ನನ್ದು ಏನೂ ಇಲ್ಲ" ಎಂದರು.

"ನಿಂದಿಲ್ಲ, ನಂದು ಐತೆ" ಎಂದರು ಹೆಂಡತಿ.

"ನಿಂದೇನೇ ಐತೆ?"

"ನಮ್ಮ ತಮ್ಮನ ಮದುವೆ ಫೋಟೋ."

"ಅದನ್ನೇ ಅಳಿಸ್ಬೇಕು ಅಂತ ತಂದಿರೋದು!"

ಆಮೇಲೆ ಆದದ್ದನ್ನು ಕೆಳಗಿನ ಗೊಬ್ಬರದಂಗಡಿಯವರೂ ಮೇಲೆ ಬಂದು ನೋಡಿದರು. ಅಕ್ಕ ಆ ಡಿಸ್ಕನ್ನು ಹೆಂಡತಿಯ ಕೈಗೆ ಕೊಟ್ಟು, ಗಂಡನಿಗೆ ಮಂಡಕ್ಕಿ ಕೊಟ್ಟು ಕಳಿಸಿದರು.

ಹಳೆಯ ಕಂಪ್ಯೂಟರ್ ಮಾರುವವರು ತಂದರೆ ಕೆಲಸ ಬೇರೆ. ಆಗ ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ತುಂಬಿ, ಯಾರೂ ಏನನ್ನೂ ಹೆಕ್ಕಿ ತೆಗೆಯಲಾಗದಂತೆ ಮಾಡುತ್ತಿದ್ದರು. ವಕೀಲರದು, ಡಾಕ್ಟರರದು, ಮಠಮಾನ್ಯಗಳದು ಎಲ್ಲ ಬರುತ್ತಿತ್ತು. ಅದರೊಳಗೆ ಏನಿತ್ತಕ್ಕಾ ಎಂದು ಬೀದಿಯವರು ಕೆದಕಿದರೆ, "ಸೊನ್ನೆ ಇತ್ತು. ಬಾಳ ಚೆನ್ನಾಗಿರೋ ಸೊನ್ನೆ" ಎನ್ನುತ್ತಿದ್ದರು. ಊರಿನ ಎಲ್ಲರ ಮನೆ ಸುದ್ದಿಯನ್ನೂ ಬಾಯ್ತುಂಬ ಆಡುತ್ತಿದ್ದ ಅವರು ಡಿಸ್ಕಿನೊಳಗಿನ ಒಂದು ಮಾತನ್ನೂ ಹೊರಗೆ ಹಾಕಿದ್ದನ್ನು ನಾನು ಕೇಳಲಿಲ್ಲ.

ಬಡಾಯಿ ಮಾತ್ರ ಧಾರಾಳ. "ನನ್ನ ಕೈಯಾಗ ಒಬ್ಬರದೂ ಒಂದು ಫೋಟೋ ಹೋಗಿಲ್ಲ. ಪ್ರಮಾಣ ಐತಲ್ಲ, ಪ್ರಮಾಣ!" ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು, ಒಂದು ವರ್ಷದ ಆಯುಧಪೂಜೆಯ ತನಕ.

ಹಬ್ಬ ಮುಗಿದ ಮೇಲೆ ಹೊಸದುರ್ಗದ ಒಬ್ಬ ಫೋಟೋಗ್ರಾಫರ್ ಫೋನ್ ಮಾಡಿದ. ಅಕ್ಕನಿಗೆ ಹಳೆಯ ಪರಿಚಯ. ನಾಲ್ಕೂ ಕಡೆ ಮದುವೆ ಹಿಡಿಯುವ ಕೈತುಂಬ ಕೆಲಸದವನು. ಒಂದು ಡಿಸ್ಕ್ ತೆರೆಯುತ್ತಿಲ್ಲ, ಬಂದು ಫಾರ್ಮ್ಯಾಟ್ ಮಾಡಿಕೊಡಿ ಎಂದ. ನಾವಿಬ್ಬರೂ ಬಸ್ಸು ಹತ್ತಿದೆವು.

ಸ್ಟುಡಿಯೋ ಇನ್ನೂ ಹಬ್ಬದ ಕಳೆಯಲ್ಲಿತ್ತು. ಬಾಗಿಲಿಗೆ ಬಾಡಿದ ಬಾಳೆಕಂದು, ಕ್ಯಾಮೆರಾಗಳಿಗೆ ಚೆಂಡುಹೂವು, ಕಂಪ್ಯೂಟರಿನ ಹಣೆಗೆ ಕುಂಕುಮ. ಶ್ರದ್ಧಾವಂತನಾದ ಅವನು ಹಬ್ಬದ ದಿನ ಪ್ರತಿಯೊಂದು ಸಾಮಾನನ್ನೂ ಬಿಚ್ಚಿ ಒರೆಸಿ ಪೂಜೆ ಮಾಡಿದ್ದ. ಮೇಜಿನ ಮೇಲೆ ಎರಡು ಹಾರ್ಡ್‌ಡಿಸ್ಕುಗಳು ಅಕ್ಕಪಕ್ಕ ಕೂತಿದ್ದವು. ಎರಡೂ ಒಂದೇ ಅಳತೆ, ಒಂದೇ ಕಪ್ಪು. ಎರಡಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಶಿವರಾತ್ರಿಗೆ ಸಿದ್ಧವಾದ ಜೋಡಿ ಲಿಂಗಗಳ ಹಾಗೆ ಕಾಣುತ್ತಿದ್ದವು.

ಸ್ಟುಡಿಯೋದಲ್ಲಿ ಇನ್ನಿಬ್ಬರು ಕಾಯುತ್ತ ಕೂತಿದ್ದರು. ಬಾಗೂರಿನಿಂದ ಬಂದ ತಾಯಿ, ಮಗಳು. ಮಗಳ ಮದುವೆ ಆ ಬೇಸಿಗೆಯಲ್ಲಿ ಆಗಿತ್ತು. ಆಲ್ಬಂ ಕೈಸೇರಿತ್ತು, ವಿಡಿಯೋ ಮಾತ್ರ ಇವತ್ತು ನಾಳೆ ಎನ್ನುತ್ತ ಉಳಿದಿತ್ತು. ಈ ನಡುವೆ ಮಳೆಗಾಲದಲ್ಲಿ ಹುಡುಗಿಯ ಅಪ್ಪ ತೀರಿಹೋಗಿದ್ದರು. ಕುರಿ ಸಾಕಿಕೊಂಡಿದ್ದವರು, ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ಇದನ್ನೆಲ್ಲ ಅಕ್ಕ ಒಳಗೆ ಬಂದು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮಾತಾಡಿಸಿ ತಿಳಿದುಕೊಂಡರು.

"ಫೋನ್‌ನಾಗ ಅವರ ವಿಡಿಯೋ ಇಲ್ವೇನವ್ವಾ?" ಎಂದು ಕೇಳಿದರು.

"ಇಲ್ಲಕ್ಕಾ" ಎಂದಳು ಹುಡುಗಿ. "ಯಾವಾಗ್ಲೂ ನಮ್ಮಪ್ಪನೇ ಹಿಡಿಯೋರು, ಹಿಡಿಯುವಾಗ ಬಾಯೇ ಬಿಡ್ತಿರಲಿಲ್ಲ. ಎಲ್ಲಾದ್ರಾಗೂ ನಾವೇ ಅದೀವಿ, ಕುರಿ ಅದಾವೆ, ಅಪ್ಪ ಇಲ್ಲ. ಮದುವೆ ವಿಡಿಯೋದಾಗ ಮಾತ್ರ ಅಪ್ಪನ ದನಿ ಇರ್ತೈತೆ. ಅದಕ್ಕೇ ಬಂದೀವಿ."

"ಈಗ್ಲೇ ಕೊಡ್ತೀನಿ ಕುಂತ್ಕಳಮ್ಮಾ, ಅಕ್ಕನ ಕೆಲಸ ಒಂದು ಮುಗೀಲಿ" ಎಂದ ಫೋಟೋಗ್ರಾಫರ್.

ಎರಡು ಡಿಸ್ಕುಗಳಲ್ಲಿ ಒಂದು ತೆರೆಯುತ್ತಿತ್ತು, ಇನ್ನೊಂದು ತೆರೆಯುತ್ತಿರಲಿಲ್ಲ. ಸಿಕ್ಕಿಸಿದರೆ 'ಇದನ್ನು ಫಾರ್ಮ್ಯಾಟ್ ಮಾಡಬೇಕೆ?' ಎಂದಷ್ಟೇ ಪರದೆ ಕೇಳುತ್ತಿತ್ತು. "ಅದು ಹಾಳು ಡಿಸ್ಕು ಕಣಕ್ಕಾ, ಮೊದ್ಲಿಂದ ಹಿಂಗೇ ಕಾಟ. ಸಿನಿಮಾ ಹಾಡು ತುಂಬಿದ್ದೆ, ಹೋದ್ರೆ ಹೋಗ್ಲಿ. ಮದುವೆಗಳೆಲ್ಲ ಇನ್ನೊಂದರಾಗ ಅವೆ" ಎಂದ.

"ಪ್ರಮಾಣ?" ಎಂದರು ಅಕ್ಕ.

ಅವನು ವಿಭೂತಿಯ ಮೇಲೆಯೇ ಕೈಯಿಟ್ಟು ಮೂರು ಸಲ ಗಟ್ಟಿಯಾಗಿ ಹೇಳಿದ. ನಾಲಿಗೆ ಎಲ್ಲಿಯೂ ತೊದಲಲಿಲ್ಲ. ಅಕ್ಕ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಡಿಸ್ಕು ಹೊಸ ಹಲಗೆಯ ಹಾಗೆ ಖಾಲಿಯಾಗಿ ತೆರೆದುಕೊಂಡಿತು. ಫೋಟೋಗ್ರಾಫರ್ ಖುಷಿಯಿಂದ, "ಚೆಕ್ ಮಾಡಾಣ ಇರಿ" ಎಂದು ಹಿಂದಿನ ದಿನ ಹಿಡಿದ ಒಂದು ಗೃಹಪ್ರವೇಶದ ವಿಡಿಯೋವನ್ನು ಕ್ಯಾಮೆರಾದಿಂದ ಅದಕ್ಕೆ ಎಳೆದು ಬಿಟ್ಟ. ಹಸಿರು ಪಟ್ಟಿ ಹೊರಟಿತು.

ಅದು ಸರಿಯುತ್ತಿರುವಾಗಲೇ ಅವನು ಎರಡನೇ ಡಿಸ್ಕನ್ನು ಪಕ್ಕದ ಕಂಪ್ಯೂಟರಿಗೆ ಸಿಕ್ಕಿಸಿ, "ಬಾರಮ್ಮಾ, ನಿಮ್ಮ ಮದುವೆ" ಎಂದು ತೆರೆದ.

ಒಳಗೆ ಸಿನಿಮಾ ಹಾಡುಗಳಿದ್ದವು. ಬರೀ ಸಿನಿಮಾ ಹಾಡುಗಳು.

ಅವನು ಮೇಲೆ ಕೆಳಗೆ ಹುಡುಕಿದ. "ಇಲ್ಲೇ ಇರ್ಬೇಕಲ್ಲ" ಎಂದ. ಹುಡುಗಿ ಬಗ್ಗಿ ನೋಡುತ್ತಿದ್ದಳು. ನಾನು ಇನ್ನೂ ಏನೂ ಅರ್ಥವಾಗದೆ ನಿಂತಿದ್ದೆ. ಅಕ್ಕ ಕೇಳಿದರು: "ಲೇ, ಇದರ ಮ್ಯಾಲೆ ಚೀಟಿ ಅಂಟಿಸಿ ಹೆಸರು ಬರೆದಿದ್ಯಲ್ಲ, ಅದೆಲ್ಲಿ?"

"ಪೂಜೆ ದಿನ ಕಿತ್ತಾಕ್ದೆ ಅಕ್ಕಾ. ಚೀಟಿ ಮ್ಯಾಲೆ ವಿಭೂತಿ ಹಚ್ಚಾಕಾಗ್ತೈತಾ?"

"ಒರೆಸುವಾಗ ಕಂಪ್ಯೂಟರ್ ಆಫ್ ಮಾಡಿದ್ಯಾ?"

"ಇಲ್ಲ, ಹಂಗೇ ಎಳೆದೆ…"

ಮುಂದಿನದು ನನ್ನ ಕಣ್ಣಿನಲ್ಲಿ ದಿನವೂ ನಡೆಯುತ್ತದೆ. ಕುರ್ಚಿ ಹಿಂದಕ್ಕೆ ಬಿತ್ತು. "ಅಯ್ಯೋ ಶಿವನೇ, ನಿಲ್ಸೋ!" ಎಂದು ಕೂಗುತ್ತಲೇ ಅಕ್ಕ ಆ ಭಾರದ ದೇಹವನ್ನು ಮೇಜಿನ ಮೇಲೆ ಚಾಚಿ ಮೊದಲನೇ ಡಿಸ್ಕಿನ ಕೇಬಲನ್ನು ಕಿತ್ತರು. ಚೆಂಡುಹೂವೆಲ್ಲ ನೆಲಕ್ಕೆ ಚೆಲ್ಲಿತು. ಹಸಿರು ಪಟ್ಟಿ ಅರ್ಧಕ್ಕಿಂತ ತುಸು ಈಚೆಗೆ ನಿಂತಿತ್ತು.

ಚಾಲೂ ಇದ್ದ ಡಿಸ್ಕನ್ನು ಎಳೆದದ್ದಕ್ಕೆ ಮದುವೆಗಳ ಡಿಸ್ಕೇ ಕೆಟ್ಟು, ತೆರೆಯದಂತಾಗಿತ್ತು. ಸದಾ ಕಾಟ ಕೊಡುತ್ತಿದ್ದ ಹಾಡಿನ ಡಿಸ್ಕು ಅಂದು ಮಾತ್ರ ಸರಿಯಾಗಿ ತೆರೆದಿತ್ತು. ಹೆಸರಿನ ಚೀಟಿ ವಿಭೂತಿಗೆ ಜಾಗ ಬಿಟ್ಟುಕೊಟ್ಟಿತ್ತು. ನಾವು ಅಳಿಸಿದ್ದು ಆ ಹುಡುಗಿಯ ಮದುವೆಯನ್ನು.

ಫೋಟೋಗ್ರಾಫರ್ ಬೆಳ್ಳಗಾಗಿ, "ಅಕ್ಕಾ, ಒತ್ತಿದ್ದು ನೀವು" ಎಂದ.

ನಾನು ಬಾಯಿ ತೆರೆದೆ. ಪ್ರಮಾಣ ಮಾಡಿದವನು ನೀನು ಎನ್ನಬೇಕೆಂದಿದ್ದೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದರು. ತಾಯಿಯ ಎದುರು ಹೋಗಿ ಕೂತರು. "ಒತ್ತಿದ್ದು ನಾನೇ ತಾಯೀ. ಇವನು ಬಾಯಲ್ಲಿ ಹೇಳಿದ್ದ ಕೇಳಿದೆ, ಡಿಸ್ಕಿನೊಳಗೆ ಇಣುಕಿ ನೋಡ್ಲಿಲ್ಲ. ತಪ್ಪು ನಂದು."

ತಾಯಿ ಏನೂ ತಿಳಿಯದೆ ಮಗಳ ಮುಖ ನೋಡಿದರು. ಹುಡುಗಿ, "ಅಪ್ಪ ಹೋತಾ?" ಎಂದಳು. ಅಷ್ಟೇ ಕೇಳಿದಳು.

"ಪೂರ್ತಿ ಹೋಗಿಲ್ಲ" ಎಂದರು ಅಕ್ಕ. "ಈಗ ನಿಮ್ಮ ಹೊಲ ಐತೆ ಅನ್ಕಳ್ರಿ. ನಾನು ಬದು ಅಳಿಸಿಬಿಟ್ಟೆ. ಯಾರ ಹೊಲ ಎಲ್ಲಿಂದ ಎಲ್ಲೀತನ ಅಂತ ಗೊತ್ತಾಗಲ್ಲ. ಆದ್ರೆ ಬೆಳೆ ನಿಂತೇ ಐತೆ. ಅದರ ಮ್ಯಾಲೆ ಬೇರೇದು ಬಿತ್ತಿದ್ರೆ ಮಾತ್ರ ಹೋಗ್ತೈತೆ. ಈ ಪುಣ್ಯಾತ್ಮ ಗೃಹಪ್ರವೇಶ ಬಿತ್ತಾಕೆ ಶುರು ಮಾಡಿದ್ದ. ಎಷ್ಟು ಎಕರೆ ಹೋಗೈತೆ ಅಂತ ದುರ್ಗಕ್ಕೆ ಹೋಗಿ ನೋಡ್ಬೇಕು. ಉಳಿದದ್ದನ್ನ ಒಂದು ತೆನೆ ಬಿಡದಂಗೆ ಆರಿಸಿ ಕೊಡ್ತೀನಿ."

ತಾಯಿಗೆ ಈಗ ಎಲ್ಲವೂ ಅರ್ಥವಾಯಿತು. "ನೋಡವ್ವಾ, ನಿನ್ನ ಕೈಯಾಗ ಐತೆ" ಎಂದರು.

ಆ ಬಸ್ ಪ್ರಯಾಣವನ್ನು ನಾನು ಮರೆಯುವುದಿಲ್ಲ. ಅಕ್ಕ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡಿದ್ದರು. ಹೊಳಲ್ಕೆರೆಯಲ್ಲಿ ಬಸ್ಸು ತುಂಬಿತು. ಹಂಪ್ ಬಂದಾಗಲೆಲ್ಲ ತಾವು ಸೀಟಿನಿಂದ ಎದ್ದು, ಕುಲುಕಾಟವನ್ನು ಮಂಡಿಯಲ್ಲಿ ತಡೆದುಕೊಂಡು ಮತ್ತೆ ಕೂರುತ್ತಿದ್ದರು.

ಕಂಡಕ್ಟರ್ ಕೇಳಿದ: "ಏನಕ್ಕಾ ಅದು, ಮೊಸರಾ?"

"ಮದುವೆ ಐತಪ್ಪಾ ಇದ್ರಾಗ. ಚೆಲ್ಲಂಗಿಲ್ಲ."

"ಹಂಗಾದ್ರೆ ಮದುವೆಗೆ ಬಂದೋರೆಲ್ಲರಿಗೂ ಟಿಕೆಟ್ ತಗಳ್ರಿ!"

ಬಸ್ಸಿನವರೆಲ್ಲ ನಕ್ಕರು. ಅಕ್ಕನೂ ನಕ್ಕರು. ಆದರೆ ಅವರ ಹೆಬ್ಬೆರಳುಗಳು ಟವೆಲಿನ ಗಂಟನ್ನು ಬಿಗಿಯಾಗಿ ಒತ್ತಿ ಹಿಡಿದದ್ದು ನನಗೆ ಕಾಣುತ್ತಿತ್ತು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣಿಸಿದಾಗ ಮೊದಲ ಬಾರಿಗೆ ನನ್ನ ಕಡೆ ತಿರುಗಿ, "ಎಂಎಸ್ಸಿ, ಅರ್ಧ ಪಟ್ಟಿ ಅಂದ್ರೆ ಎಷ್ಟು ಹೋಗಿರ್ಬೋದು?" ಎಂದರು. ನಾನು ಲೆಕ್ಕ ಹಾಕಿ ಹೇಳಿದೆ. "ಇಡೀ ಡಿಸ್ಕಿನಾಗ ಅದು ಸ್ವಲ್ಪವೇ, ಆದ್ರೆ ಎಲ್ಲಿ ಬಿದ್ದೈತೋ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಅಂಗಡಿಯಲ್ಲಿ ಮೊದಲು ಡಿಸ್ಕಿನ ಪಡಿಯಚ್ಚೊಂದನ್ನು ಬೇರೆ ಡಿಸ್ಕಿಗೆ ಇಳಿಸಿ, ಮೂಲವನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರು. ಆಮೇಲೆ ಪಡಿಯಚ್ಚಿನಿಂದ ಫೈಲುಗಳನ್ನು ಹೆಕ್ಕುವ ಕೆಲಸ. ಹೀಗೆ ಹೆಕ್ಕಿದಾಗ ಫೈಲುಗಳು ಬರುತ್ತವೆ, ಅವುಗಳ ಹೆಸರು ಬರುವುದಿಲ್ಲ. ನಾಲ್ಕು ತಾಲ್ಲೂಕಿನ ಮದುವೆಗಳು ಒಂದರೊಳಗೊಂದು ಬೆರೆತು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ಬರತೊಡಗಿದವು. ಈ ತಾಳಿಗೆ ಆ ವಧು, ಆ ಬಾಸಿಂಗಕ್ಕೆ ಈ ವರ.

ಅಕ್ಕನ ಬಡಾಯಿ ಮರುದಿನವೇ ಮರಳಿತು. "ಈ ಪರದೆ ಹಿರಿಯೂರಿನ ಮಂಟಪದ್ದು, ಪಕ್ಕಕ್ಕಿಡು. ಈ ಅಡಿಗೆ ಭಟ್ರು ಹೊಳಲ್ಕೆರೆ ಬಿಟ್ಟು ಹೊರಗೆ ಹೋಗಲ್ಲ. ಈ ವಯ್ಯ ನೋಡು, ಎಲ್ಲಾ ಮದುವೇಲೂ ಮೊದಲನೇ ಪಂಕ್ತಿ!" ನಿಜವಾಗಿಯೂ ಕನ್ನಡಕದ ಒಬ್ಬ ಹಿರಿಯರು ಸಂಬಂಧವಿಲ್ಲದ ಅದೆಷ್ಟೋ ಮದುವೆಗಳಲ್ಲಿ ಎಲೆಯ ಮುಂದೆ ಹಸನ್ಮುಖರಾಗಿ ಕೂತಿದ್ದರು. ಅವರು ಕಂಡಾಗಲೆಲ್ಲ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಬಾಗೂರಿನ ಮದುವೆಯ ತುಣುಕುಗಳು ಒಂದೊಂದಾಗಿ ಬಂದವು. ಎಣ್ಣೆಶಾಸ್ತ್ರ ಬಂತು, ಬೀಗರ ಊಟ ಬಂತು. ಆದರೆ ಧಾರೆಯ ಹೊತ್ತಿನ ವಿಡಿಯೋ ಶುರುವಾಗಿ, ಜನ ಅಕ್ಷತೆ ಎತ್ತಿದಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಯಿತು. ಗೃಹಪ್ರವೇಶ ಬಿದ್ದದ್ದು ಸರಿಯಾಗಿ ಅಲ್ಲಿಯೇ. ಉಳಿದ ಕಡೆಗಳಲ್ಲೆಲ್ಲ ಅಪ್ಪ ಎನ್ನುವವರು ಓಡಾಡುತ್ತಿದ್ದರು. ಹಿಂದಿನಿಂದ ಒಂದು ಪೇಟ ಕಾಣುತ್ತಿತ್ತು, ಕ್ಯಾಮೆರಾ ತಿರುಗಿದೊಡನೆ ಮಗಳ ಕಡೆಗೆ ಬೆರಳು ತೋರಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ವಾಲಗದ ಅಬ್ಬರದಲ್ಲಿ ದನಿಯಂತೂ ಕೇಳುತ್ತಿರಲಿಲ್ಲ. ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಮಂಡಕ್ಕಿ ಪೊಟ್ಟಣ ಹಾಗೆಯೇ ಮೆತ್ತಗಾಯಿತು.

ಆದರೆ ಹೆಕ್ಕುವ ಕೆಲಸಕ್ಕೆ ಒಂದು ಗುಣವಿದೆ. ಅದು ಈಗ ಅಳಿಸಿದ್ದನ್ನು ಮಾತ್ರವಲ್ಲ, ಎಂದೋ ಬೇಡವೆಂದು ಬಿಸಾಡಿದ್ದನ್ನೂ ಎತ್ತಿ ತರುತ್ತದೆ. ಒಂದು ಮಧ್ಯಾಹ್ನ ಆ ಕಸದ ರಾಶಿಯಲ್ಲಿ ಸಿಕ್ಕ ಒಂದು ವಿಡಿಯೋವನ್ನು ತೆರೆದ ಅಕ್ಕ, ಕೊಂಚ ಹೊತ್ತು ನೋಡಿ ಅಲ್ಲಿಗೇ ನಿಲ್ಲಿಸಿದರು. "ಮುಂದಕ್ಕೆ ನೋಡೋದು ಬ್ಯಾಡ. ಮೊದ್ಲು ಅವರು ನೋಡ್ಲಿ. ಫೋನ್ ಮಾಡು" ಎಂದರು.

ತಾಯಿ, ಮಗಳು ಬಂದರು. ಹಿಂದೆಯೇ ಫೋಟೋಗ್ರಾಫರ್ ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದ. ಅಕ್ಕ ಸುತ್ತಿ ಬಳಸಿ ಮಾತಾಡಲಿಲ್ಲ. "ಧಾರೆ ಸಿಗಲಿಲ್ಲವ್ವಾ. ಅದು ಹೋತು. ಅದನ್ನ ನಾನು ತಿರುಗಿ ಕೊಡಾಕಾಗಲ್ಲ. ಇದೊಂದು ಸಿಕ್ತು, ನೋಡ್ರಿ" ಎಂದು ಗುಂಡಿ ಒತ್ತಿದರು.

ಒಂದು ಹಿತ್ತಿಲು. ಬೆಳಗಿನ ಬಿಸಿಲು. ಕುರಿದೊಡ್ಡಿಯ ಬೇಲಿ. ಯಾರೂ ಇಲ್ಲ. "ಇದು ವೇಸ್ಟ್ ಅಂತ ಡಿಸ್ಕಿಗೆ ಹಾಕಿದ ದಿನಾನೇ ಅಳಿಸಿದ್ದೆ" ಎಂದು ಫೋಟೋಗ್ರಾಫರ್ ಪಿಸುಗುಟ್ಟಿದ. "ಕ್ಯಾಮೆರಾ ಆಫ್ ಮಾಡೋದು ಮರೆತು ಕಾಫಿ ಕುಡಿಯಾಕೆ ಹೋಗಿದ್ದೆ."

ಆಮೇಲೆ ಹೊಸ ಪಂಚೆಯ ಮಡಿಕೆ ಇನ್ನೂ ಬಿಚ್ಚಿಕೊಳ್ಳದ ಒಬ್ಬ ಮನುಷ್ಯ ಒಳಗಿನಿಂದ ಬಂದರು. ಆಚೀಚೆ ನೋಡಿದರು. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಹತ್ತಿರ ಬಂದು, ಬಗ್ಗಿ ಅದರ ಗಾಜಿನೊಳಗೆ ಇಣುಕಿದರು. ಪರದೆಯ ತುಂಬ ಅವರ ಮುಖ ತುಂಬಿತು. ಬಿಳಿ ಮೀಸೆ, ಬಿಸಿಲಿಗೆ ಸುಕ್ಕಾದ ಕಣ್ಣು. ಗಾಜನ್ನೇ ಕನ್ನಡಿ ಮಾಡಿಕೊಂಡು ಪೇಟವನ್ನು ಎಡಕ್ಕೆ ಜರುಗಿಸಿದರು, ಬಲಕ್ಕೆ ಜರುಗಿಸಿದರು, ಮೀಸೆ ತೀಡಿದರು. ತಮಗೆ ತಾವೇ ಒಮ್ಮೆ ನಕ್ಕರು. ದೊಡ್ಡಿಯಿಂದ ಒಂದು ಕುರಿ ಅರಚಿತು. "ಥೂ, ಸುಮ್ನಿರೇ, ಇವತ್ತೊಂದಿನ" ಎಂದು ಅದಕ್ಕೆ ಗದರಿದರು. ನೋಡುತ್ತಿದ್ದ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮನೆಯ ಕಡೆ ತಿರುಗಿ ಅವರು ಕೂಗಿದರು: "ಲೇ ಪುಟ್ಟೀ, ಬಾರೇ ಇಲ್ಲಿ! ಪೇಟ ಹೆಂಗೈತೆ ನೋಡಿ ಹೇಳು."

ಒಳಗಿನಿಂದ ಹುಡುಗಿಯದೇ ದನಿ ಕೇಳಿಸಿತು: "ಬರ್ತೀನಿ ಇರಪ್ಪಾ, ಸೀರೆ ಉಡಿಸ್ತಾವ್ರೆ!"

ಅವರು ಕಾದರು. ಬೇಲಿಗೆ ಒರಗಿ ನಿಂತರು. ಪೇಟವನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು. "ಬೇಗ ಬಾರೇ" ಎಂದರು, ಅಷ್ಟೇನೂ ಗಟ್ಟಿಯಾಗಿ ಅಲ್ಲ. ಅಷ್ಟರಲ್ಲಿ ಯಾರೋ ದೂರದಿಂದ ಅವರನ್ನು ಕರೆದರು. "ಬಂದೇ" ಎಂದು ಪಂಚೆ ಎತ್ತಿಕೊಂಡು ಹೊರಟುಹೋದರು. ಹಿತ್ತಿಲು ಮತ್ತೆ ಖಾಲಿಯಾಯಿತು. ತುಸು ಹೊತ್ತಿಗೆ ಅರ್ಧ ಉಟ್ಟ ಸೀರೆಯಲ್ಲಿ ಹುಡುಗಿ ಓಡಿಬಂದು, ಸುತ್ತ ನೋಡಿ, "ಎಲ್ಲಿ ಹೋದ್ಯಪ್ಪಾ?" ಎಂದು ಒಳಗೆ ಹೋದಳು. ಅಲ್ಲಿಗೆ ವಿಡಿಯೋ ಮುಗಿಯಿತು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಹುಡುಗಿ ಪರದೆಯ ಹತ್ತಿರಕ್ಕೆ ಸರಿದು ಕೂತಳು.

"ಚೆನ್ನಾಗೈತಪ್ಪಾ" ಎಂದಳು. "ಪೇಟ ಬಾಳ ಚೆನ್ನಾಗೈತೆ."

ತಾಯಿ ಮೂಗು ಒರೆಸಿಕೊಂಡು, "ಎಲ್ಲಿ ಚೆನ್ನಾಗೈತೆ, ಸೊಟ್ಟಗೈತೆ. ನನ್ನ ಕೇಳಿದ್ರೆ ನಾನು ಸರಿ ಮಾಡ್ತಿದ್ದೆ" ಎಂದರು. ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಮಗಳಿಗೂ ಬಂತು. ಇಬ್ಬರೂ ಅಳುತ್ತ ನಗುವುದನ್ನು ನೋಡಿ ಫೋಟೋಗ್ರಾಫರ್ ಗೋಡೆಯ ಕಡೆ ಮುಖ ಮಾಡಿ ನಿಂತ.

ಅಕ್ಕ ಕನ್ನಡಕ ಹಾಕಿಕೊಂಡು ಮೌಸ್ ಹಿಡಿದರು. ಯಾರೂ ಕೇಳದಿದ್ದರೂ, ವಿಡಿಯೋವನ್ನು ಹುಡುಗಿಯ ಅಪ್ಪ ಗಾಜಿನೊಳಗೆ ಇಣುಕುವಲ್ಲಿಗೆ ಹಿಂದಕ್ಕೆ ಎಳೆದರು.